ಹೊಸ ಹವ್ಯಾಸ ಹಚ್ಚಿಕೊಳ್ಳುವುದು ಹೇಗೆ? ಶುರು ಮಾಡುವುದರಿಂದ ಮೈಮರೆಯುವವರೆಗೆ

ಏನಾದರೂ ಹೊಸದು ಕಲಿಯಬೇಕು ಅಂತ ಬಹಳ ಜನಕ್ಕೆ ಅನ್ನಿಸುತ್ತಲೇ ಇರುತ್ತದೆ. ಆದರೆ ಕೆಲಸ ಮುಗಿದು, ಮನೆಯ ಜವಾಬ್ದಾರಿಗಳೂ ಮುಗಿದು, ಸ್ವಲ್ಪ ಬಿಡುವು ಸಿಕ್ಕಾಗ ಏನು ಮಾಡಬೇಕೆಂದೇ ತೋಚುವುದಿಲ್ಲ. ಆ ಹೊತ್ತು ಸುಮ್ನೆ ಫೋನಿಗೆ ಹೋಗುತ್ತದೆ. ಇನ್ನು ಕೆಲವರು ಶುರುವನ್ನೇನೋ ಮಾಡುತ್ತಾರೆ. ಮೊದಲ ವಾರ ಊಟ ನಿದ್ದೆ ಮರೆಯುವಷ್ಟು ಉತ್ಸಾಹ. ಮೂರನೇ ವಾರಕ್ಕೆ ಗಿಟಾರ್ ಮೂಲೆ ಸೇರುತ್ತದೆ. ಈ ಎರಡೂ ಬಗೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

"ನನಗೆ ಯಾವುದರಲ್ಲಿ ಆಸಕ್ತಿ ಇದೆ ಅಂತಲೇ ಗೊತ್ತಿಲ್ಲ" ಎಂದು ಕೊರಗುವವರು ತುಂಬ ಜನ. ಆಸಕ್ತಿ ಎಲ್ಲೋ ಒಳಗೆ ಅಡಗಿ ಕೂತಿದೆ, ಅದು ಸಿಕ್ಕಿಬಿಟ್ಟರೆ ಮುಂದಿನದೆಲ್ಲ ಸಲೀಸು ಎಂಬ ನಂಬಿಕೆ ಇದರ ಹಿಂದಿದೆ. ಪಾಲ್ ಒಕೀಫ್, ಕ್ಯಾರಲ್ ಡ್ವೆಕ್ ಮತ್ತು ಗ್ರೆಗರಿ ವಾಲ್ಟನ್ ಎಂಬ ಮನಃಶಾಸ್ತ್ರಜ್ಞರು ಈ ನಂಬಿಕೆಯನ್ನೇ ಪರೀಕ್ಷಿಸಿ 2018ರಲ್ಲಿ ಅಧ್ಯಯನ ಪ್ರಕಟಿಸಿದರು. ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಪ್ಪುಕುಳಿಗಳ ಬಗ್ಗೆ ಚೆಂದದ ವಿಡಿಯೋ ತೋರಿಸಿದರು. ಎಲ್ಲರಿಗೂ ಇಷ್ಟವಾಯಿತು. ಆಮೇಲೆ ಅದೇ ವಿಷಯದ ಮೇಲೆ ಒಂದು ಕಷ್ಟದ ಲೇಖನ ಓದಲು ಕೊಟ್ಟರು. ಆಸಕ್ತಿ ಹುಟ್ಟಿನಿಂದಲೇ ಬರುವಂಥದ್ದು ಎಂದು ನಂಬಿದವರ ಉತ್ಸಾಹ ಜಾಸ್ತಿ ಇಳಿಯಿತು. ಅದು ಬೆಳೆಯುವಂಥದ್ದು ಎಂದುಕೊಂಡವರು ಕಷ್ಟವನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ. ಆಸಕ್ತಿ ಬರಲಿ ಅಂತ ಕಾಯಬೇಡಿ. ಕೈ ಹಾಕಿ ಮಾಡುತ್ತಾ ಹೋದರೆ ರುಚಿ ಹತ್ತುತ್ತದೆ. ರುಚಿ ಹತ್ತುವ ಹಾಗೆ ದಿನವನ್ನೂ ಜಾಗವನ್ನೂ ಅಭ್ಯಾಸವನ್ನೂ ಹೊಂದಿಸಿಕೊಳ್ಳಬಹುದು. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಹಂತ 1: ನಿಮ್ಮ ದಿನದಲ್ಲಿ ಏನು ಇಲ್ಲ ಅಂತ ನೋಡಿ

"ನನಗೇನು ಇಷ್ಟ?" ಎಂಬ ಪ್ರಶ್ನೆ ತೀರಾ ದೊಡ್ಡದು. ಅದರ ಬದಲು, ನಿಮ್ಮ ದಿನ ಹೇಗೆ ಕಳೆಯುತ್ತದೆ ಅಂತ ನೋಡಿ. ಇಡೀ ದಿನ ಪರದೆ ಮುಂದೆ ಕೂರುವವರಿಗೆ ಕೈಯಲ್ಲಿ ಮುಟ್ಟುವ, ಮೈ ಬಗ್ಗಿಸುವ ಕೆಲಸ ಹಿತ: ಹೆಣಿಗೆ, ಮರಗೆಲಸ, ಗಿಡ ಬೆಳೆಸುವುದು, ಓಟ. ದಿನವಿಡೀ ಜನರ ಜೊತೆ ಮಾತಾಡಿ ಸುಸ್ತಾಗುವವರಿಗೆ ಒಬ್ಬರೇ ಮಾಡುವಂಥದ್ದು ಸರಿ: ಚಿತ್ರ ಬರೆಯುವುದು, ಹಕ್ಕಿ ನೋಡುವುದು. ಮನೆಯಲ್ಲಿ ಒಂಟಿಯಾಗಿ ಕೆಲಸ ಮಾಡುವವರು ಗುಂಪಿನ ಆಟವನ್ನೋ ಸಾಮೂಹಿಕ ಗಾಯನವನ್ನೋ ಹುಡುಕಿಕೊಂಡರೆ ಒಳ್ಳೆಯದು.

ಹೀಗೆ ಮೂರು ಹವ್ಯಾಸಗಳನ್ನು ಒಂದು ಕಾಗದದ ಮೇಲೆ ಬರೆಯಿರಿ. ಮೂರಕ್ಕಿಂತ ಜಾಸ್ತಿ ಬೇಡ. ಪಟ್ಟಿ ಉದ್ದವಾದಷ್ಟೂ ಶುರು ಮಾಡುವುದು ಮುಂದಕ್ಕೆ ಹೋಗುತ್ತದೆ. ಪ್ರತಿಯೊಂದರ ಮುಂದೆ, ಅದರಲ್ಲಿ ನಿಮ್ಮನ್ನು ಎಳೆಯುವುದು ಯಾವುದು ಅಂತಲೂ ಬರೆಯಿರಿ. ಹಕ್ಕಿ ನೋಡುವುದು ಎಂದರೆ ಒಬ್ಬರಿಗೆ ಬೆಳಗಿನ ನಡಿಗೆ, ಇನ್ನೊಬ್ಬರಿಗೆ ಫೋಟೋ, ಮತ್ತೊಬ್ಬರಿಗೆ ಕಂಡ ಹಕ್ಕಿಗಳ ಲೆಕ್ಕ ಇಡುವುದು. ಯಾವುದು ನಿಮ್ಮದು ಅಂತ ಗೊತ್ತಾದರೆ ಮುಂದೆ ಯಾವುದಕ್ಕೆ ಸಮಯ ಕೊಡಬೇಕು ಎಂಬುದೂ ಗೊತ್ತಾಗುತ್ತದೆ.

ಹಣ ಬರುತ್ತದೆ ಅಂತಲೋ, ನಾಲ್ಕು ಜನ ಹೊಗಳುತ್ತಾರೆ ಅಂತಲೋ ಹವ್ಯಾಸ ಆರಿಸಬೇಡಿ. ಕನಿಷ್ಠ ಮೊದಲ ವರ್ಷ ಈ ಎರಡನ್ನೂ ದೂರ ಇಡಿ. ದಿನದಲ್ಲಿ ಒಂದಾದರೂ ಕೆಲಸ ಯಾರಿಗೂ ಲೆಕ್ಕ ಒಪ್ಪಿಸದೆ ಮಾಡುವಂಥದ್ದು ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಯಸ್ಸಾಯಿತು ಎನ್ನುವವರಿಗೂ ಒಂದು ಮಾತು. ಅಮೆರಿಕದ ಆನಾ ಮೇರಿ ರಾಬರ್ಟ್‌ಸನ್ ಮೋಸೆಸ್ 1860ರಲ್ಲಿ ಹುಟ್ಟಿದವರು, ಬದುಕಿನುದ್ದಕ್ಕೂ ಹೊಲದ ಕೆಲಸ ಮಾಡಿದವರು. ಕಸೂತಿ ಅವರ ಹವ್ಯಾಸವಾಗಿತ್ತು. ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದಾಗ ಕುಂಚ ಹಿಡಿದರು. ಆಗ ಅವರ ವಯಸ್ಸು 75 ದಾಟಿತ್ತು. 1961ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಗ್ರ್ಯಾಂಡ್‌ಮಾ ಮೋಸೆಸ್ ಎಂದೇ ಹೆಸರಾಗಿದ್ದರು. ಕೈ ಒಂದಕ್ಕೆ ಒಗ್ಗದಿದ್ದಾಗ ಅವರು ಇನ್ನೊಂದಕ್ಕೆ ಹೋದರು ನೋಡಿ, ಅದು ಮುಖ್ಯ. ಹವ್ಯಾಸ ನಿಮ್ಮ ಮೈಗೆ ಒಗ್ಗಬೇಕು.

ಹಂತ 2: ಎರಡು ವಾರ ಏನೂ ಕೊಳ್ಳಬೇಡಿ

ಸಾಮಾನು ಕೊಂಡರೆ ಅರ್ಧ ಕಲಿತ ಹಾಗೆ ಅನ್ನಿಸುತ್ತದೆ. ಅಲ್ಲಿಗೇ ಮನಸ್ಸು ತಣಿದುಬಿಡುವ ಅಪಾಯವೂ ಇದೆ. ಆದ್ದರಿಂದ ಮೊದಲ ಎರಡು ವಾರ ಇರುವುದರಲ್ಲೇ ನಡೆಸಿ. ಇಲ್ಲವಾದರೆ ಎರವಲು ತನ್ನಿ.

ಚಿತ್ರಕ್ಕೆ ಒಂದು 2ಬಿ ಪೆನ್ಸಿಲ್ ಮತ್ತು ಒಂದು ಕಡೆ ಖಾಲಿ ಇರುವ ಹಳೇ ಕಾಗದ ಸಾಕು. ಎಚ್‌ಬಿಗಿಂತ 2ಬಿ ಮೆದು, ನೆರಳು ತುಂಬುವುದು ಸುಲಭ. ಚದುರಂಗಕ್ಕೆ ಲೀಚೆಸ್ ಎಂಬ ಜಾಲತಾಣವಿದೆ. ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಆಕಾಶ ನೋಡಲು ಬರಿಗಣ್ಣು ಮತ್ತು ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ, ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶ ಸಾಕು. ಹಕ್ಕಿಯ ಕೂಗು ಕೇಳಿ ಯಾವ ಹಕ್ಕಿ ಇರಬಹುದು ಅಂತ ಹೇಳುವ ಮರ್ಲಿನ್ ಆ್ಯಪ್ ಅನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಉಚಿತವಾಗಿ ಕೊಡುತ್ತದೆ. ಅದು ಕೆಲವೊಮ್ಮೆ ತಪ್ಪು ಹೇಳುವುದೂ ಉಂಟು. ಹಾಗಾಗಿ ಹೆಸರು ಬರೆದುಕೊಳ್ಳುವ ಮೊದಲು ಹಕ್ಕಿಯನ್ನು ಕಣ್ಣಾರೆ ನೋಡಿ.

ಎರಡು ವಾರ ಕಳೆದ ಮೇಲೂ ಕೈ ತುಡಿಯುತ್ತಿದ್ದರೆ ಆಗ ಕೊಳ್ಳಿ. ಕೊಳ್ಳುವಾಗ ತೀರಾ ಅಗ್ಗದ್ದು ಬೇಡ, ತೀರಾ ದುಬಾರಿಯದೂ ಬೇಡ. ಕಳಪೆ ಗಿಟಾರಿನಲ್ಲಿ ತಂತಿಗಳು ಬೆರಳು ಒತ್ತುವ ಪಟ್ಟಿಯಿಂದ ತುಂಬ ಎತ್ತರದಲ್ಲಿರುತ್ತವೆ. ಒತ್ತಿ ಒತ್ತಿ ಬೆರಳು ನೋಯುತ್ತದೆ. ಶ್ರುತಿಯೂ ನಿಲ್ಲುವುದಿಲ್ಲ. ಕಲಿಯುವವರು ಪಾಪ, ತಮ್ಮದೇ ತಪ್ಪು ಅಂದುಕೊಂಡು ಬಿಟ್ಟುಬಿಡುತ್ತಾರೆ. ಜಲವರ್ಣಕ್ಕೂ ಹೀಗೆಯೇ. ಸಾಧಾರಣ ಬಣ್ಣ ನಡೆಯುತ್ತದೆ, ಆದರೆ ತೆಳ್ಳನೆಯ ಕಾಗದ ನೀರು ಬಿದ್ದ ಕೂಡಲೇ ಮುದುಡುತ್ತದೆ. ದುಡ್ಡು ಹಾಕುವುದಾದರೆ ಕಾಗದಕ್ಕೆ ಹಾಕಿ, ಚದರ ಮೀಟರಿಗೆ 300 ಗ್ರಾಂ ತೂಗುವಂಥದ್ದು ಆರಿಸಿ. ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿದ್ದರೆ, ಅದು 8 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 42 ಮಿಲಿಮೀಟರ್ ಎಂದರ್ಥ. ಜಾಸ್ತಿ ಹಿಗ್ಗಿಸಿದಷ್ಟೂ ಕೈಯ ನಡುಕವೂ ಹಿಗ್ಗುತ್ತದೆ. ಹೊಸಬರಿಗೆ 7 ಅಥವಾ 8 ಪಟ್ಟು ಸಾಕು.

ಹಂತ 3: ಹೊತ್ತನ್ನು ಈಗಾಗಲೇ ಇರುವ ಅಭ್ಯಾಸಕ್ಕೆ ಕಟ್ಟಿ

"ಬಿಡುವು ಸಿಕ್ಕಾಗ ಮಾಡ್ತೀನಿ" ಎಂದರೆ ಅದು ಆಗುವುದಿಲ್ಲ. ದಿನವೂ ತಪ್ಪದೆ ಮಾಡುವ ಒಂದು ಕೆಲಸ ಹಿಡಿಯಿರಿ, ಅದರ ಬೆನ್ನಿಗೇ ಹವ್ಯಾಸವನ್ನು ಇಡಿ. "ರಾತ್ರಿ ಪಾತ್ರೆ ತೊಳೆದ ಕೂಡಲೇ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು 20 ನಿಮಿಷ ಚಿತ್ರ ಬರೆಯುತ್ತೇನೆ" ಎನ್ನುವಷ್ಟು ಸ್ಪಷ್ಟವಾಗಿರಲಿ. ಯಾವಾಗ, ಎಲ್ಲಿ, ಏನು ಎಂಬ ಮೂರೂ ಆ ವಾಕ್ಯದಲ್ಲಿ ಇರಬೇಕು. ಜರ್ಮನಿಯ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಇಂಥ "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ನಿರ್ಧಾರಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಬರೀ "ಮಾಡಬೇಕು" ಅಂದುಕೊಳ್ಳುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸ ಕೆಲಸ ತಾನಾಗಿ ನಡೆಯುವಂತಾಗಲು ಒಬ್ಬೊಬ್ಬರಿಗೆ ಒಂದೊಂದು ಅವಧಿ: ಅವರ ಅಂದಾಜಿನಲ್ಲಿ 18 ದಿನದಿಂದ 254 ದಿನ, ನಡುವಿನ ಅಂಕಿ 66 ದಿನ. ಇದಕ್ಕಿಂತ ನನಗೆ ಸಮಾಧಾನ ಕೊಟ್ಟದ್ದು ಅವರು ಕಂಡ ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ. ಜ್ವರ ಬಂದಿತು, ನೆಂಟರು ಬಂದರು, ಒಂದು ದಿನ ಹೋಯಿತು. ಮರುದಿನ ಅದೇ ಹೊತ್ತಿಗೆ ಕೂತರೆ ಆಯಿತು.

ಸಾಮಾನು ಕಣ್ಣಿಗೆ ಬೀಳುವ ಜಾಗದಲ್ಲಿರಲಿ. ಚೀಲದಿಂದ ಹೊರಗಿಟ್ಟ ಗಿಟಾರ್ ದಿನಕ್ಕೆ ಹತ್ತು ಸಲ ಕರೆಯುತ್ತದೆ. ಫೋನ್ ಮಾತ್ರ ಬೇರೆ ಕೋಣೆಯಲ್ಲಿರಲಿ. ಮಗುಚಿಟ್ಟರೆ ಸಾಲದು.

ಹಂತ 4: ಮೈಮರೆಯುವುದಕ್ಕೆ ಬೇಕಾದದ್ದನ್ನು ಹೊಂದಿಸಿ

ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು. ಯಾಕೆಂದರೆ ಹವ್ಯಾಸ ಉಳಿಯುವುದೋ ಬಿಡುವುದೋ ಎಂಬುದು ಇಲ್ಲೇ ನಿರ್ಧಾರವಾಗುತ್ತದೆ.

ಗಂಟೆ ಕಳೆದದ್ದೇ ಗೊತ್ತಾಗದ ಹಾಗೆ ಮುಳುಗಿಹೋಗುವುದು ಅದೃಷ್ಟದ ಮಾತಲ್ಲ. ಹಂಗೇರಿ ಮೂಲದ ಮನಃಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ (1934–2021) ಬೆಟ್ಟ ಹತ್ತುವವರು, ಚದುರಂಗ ಆಡುವವರು, ನರ್ತಕರು, ಶಸ್ತ್ರಚಿಕಿತ್ಸಕರು ಮುಂತಾದವರನ್ನು ಮಾತಾಡಿಸಿ ಈ ಸ್ಥಿತಿಯನ್ನು ಅಧ್ಯಯನ ಮಾಡಿದರು. ಕೆಲಸ ಬೇರೆ ಬೇರೆಯಾದರೂ ಮೂರು ಸಂಗತಿ ಎಲ್ಲರಲ್ಲೂ ಕಂಡವು. ಈಗ ಏನು ಮಾಡಬೇಕು ಎಂಬುದು ಸ್ಪಷ್ಟವಾಗಿರುತ್ತದೆ. ಸರಿಯಾಯಿತೋ ಇಲ್ಲವೋ ಎಂಬುದು ಕೂಡಲೇ ಗೊತ್ತಾಗುತ್ತದೆ. ಕೆಲಸದ ಕಷ್ಟ ಕೈಯ ಕಸುವಿಗೆ ಸರಿಹೊಂದುತ್ತದೆ. ಇವನ್ನು ನಿಮ್ಮ 20 ನಿಮಿಷದೊಳಗೆ ತರುವುದು ಸಾಧ್ಯ.

ಮೊದಲು ಗುರಿ ಚಿಕ್ಕದಾಗಲಿ. "ಇವತ್ತು ಚಿತ್ರ ಬಿಡಿಸುತ್ತೇನೆ" ಎಂದರೆ ಕಾಗದ ನೋಡುತ್ತಾ ಕೂರಬೇಕಾಗುತ್ತದೆ. "ಈ ಲೋಟದ ಹಿಡಿಕೆಯ ಒಳಗಿನ ಖಾಲಿ ಜಾಗದ ಆಕಾರವನ್ನಷ್ಟೇ ಬಿಡಿಸುತ್ತೇನೆ" ಎಂದರೆ ಕೈ ತಕ್ಷಣ ಓಡುತ್ತದೆ. ವಸ್ತುವನ್ನು ಬಿಟ್ಟು ಅದರ ಸುತ್ತಲಿನ ಜಾಗ ಬಿಡಿಸುವ ಈ ಅಭ್ಯಾಸ ಚಿತ್ರಕಲೆ ಕಲಿಸುವವರು ಬಹಳ ಬಳಸುವಂಥದ್ದು. ಲೋಟ ಹೀಗಿರಬೇಕು ಎಂದು ತಲೆಯಲ್ಲಿರುವ ಹಳೇ ಚಿತ್ರ ಆಗ ಅಡ್ಡ ಬರುವುದಿಲ್ಲ, ಎದುರಿಗೆ ಇರುವುದೇ ಕಾಣತೊಡಗುತ್ತದೆ.

ಎರಡನೆಯದು, ಸರಿ ತಪ್ಪು ಅಲ್ಲೇ ಗೊತ್ತಾಗುವ ವ್ಯವಸ್ಥೆ. ಗಿಟಾರಿನಲ್ಲಿ ಎರಡು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಡುವೆ ಒಂದು ನಿಮಿಷಕ್ಕೆ ಎಷ್ಟು ಸಲ ಬೆರಳು ಬದಲಿಸಲು ಆಯಿತು ಅಂತ ಎಣಿಸಿ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ. ಹೊಸ ಭಾಷೆ ಕಲಿಯುವವರು ಒಂದು ವಾಕ್ಯ ಕೇಳಿ, ಹಾಗೇ ಹೇಳಿ, ಧ್ವನಿ ಮುದ್ರಿಸಿಕೊಂಡು ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಿ. ಚದುರಂಗದಲ್ಲಿ ಬರೀ ಆಟ ಆಡುವುದಕ್ಕಿಂತ ಎರಡು ನಡೆಯಲ್ಲಿ ಮುಗಿಯುವ ಒಗಟುಗಳನ್ನು ಬಿಡಿಸಿದರೆ ಉತ್ತರ ಆಗಲೇ ಸಿಗುತ್ತದೆ.

ಮೂರನೆಯದು ಕಷ್ಟದ ಹದ. ಬೇಸರ ಬಂದರೆ ಕೆಲಸ ತೀರಾ ಸುಲಭವಾಗಿದೆ, ಒಂದು ಹೊಸ ತೊಡಕು ಸೇರಿಸಿ. ಎದೆ ಬಿಗಿದು ಸಿಟ್ಟು ಬಂದರೆ ತೀರಾ ಕಷ್ಟವಾಗಿದೆ, ಅರ್ಧ ಮಾಡಿ. ಓಟ ಶುರು ಮಾಡುವವರಿಗೆ ಬಹಳ ಬಳಕೆಯಲ್ಲಿರುವ ಒಂದು ಕ್ರಮವಿದೆ: ಮೊದಲು 5 ನಿಮಿಷ ಚುರುಕಾಗಿ ನಡೆಯುವುದು, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೇ ಒಟ್ಟು 20 ನಿಮಿಷ, ವಾರಕ್ಕೆ ಮೂರು ದಿನ. ವಾರದಿಂದ ವಾರಕ್ಕೆ ಓಟದ ಪಾಲು ಹೆಚ್ಚುತ್ತಾ ಹೋಗುತ್ತದೆ. ಉಳಿದ ಹವ್ಯಾಸಗಳಿಗೂ ಇದೇ ಲೆಕ್ಕ ಹಾಕಿ. ಹಾಡಿನ ಒಂದು ಸಾಲು ಬರುತ್ತಿಲ್ಲವೇ? ಅರ್ಧ ಸಾಲನ್ನು ಅರ್ಧ ವೇಗದಲ್ಲಿ ನುಡಿಸಿ.

ಕೂತ ಮೊದಲ ಹತ್ತು ನಿಮಿಷ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಅದು ಸಹಜ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂಬುದನ್ನು ಸಂಶೋಧಕಿ ಸೋಫಿ ಲೆರೋಯ್ 2009ರಲ್ಲಿ ತೋರಿಸಿದರು. ಅದಕ್ಕೇ ಕೂರುವ ಮೊದಲು, ಬಾಕಿ ಉಳಿದ ಕೆಲಸಗಳನ್ನೂ ನಾಳೆ ಅವನ್ನು ಎಲ್ಲಿಂದ ಶುರು ಮಾಡುವುದು ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಡಿ. ಕತ್ತಲಿಗೆ ಕಣ್ಣು ಒಗ್ಗುವುದಕ್ಕೂ ಹೊತ್ತು ಬೇಕಾಗುತ್ತದೆ, ಅಲ್ವಾ? ನಕ್ಷತ್ರ ನೋಡುವವರು 20ರಿಂದ 30 ನಿಮಿಷ ಕತ್ತಲಲ್ಲಿ ಕಾಯುತ್ತಾರೆ. ಆಮೇಲೆ ಮೊದಲು ಕಾಣದಿದ್ದ ನಕ್ಷತ್ರಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ನಡುವೆ ಒಮ್ಮೆ ಫೋನಿನ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ ಕಾಯಬೇಕು. ಬೇರೆ ಹವ್ಯಾಸದವರೂ ಮನಸ್ಸು ಒಗ್ಗುವುದಕ್ಕೆ ಸ್ವಲ್ಪ ಹೊತ್ತು ಕೊಡಲಿ.

ವಿಡಿಯೋಗಳ ಬಗ್ಗೆಯೂ ಒಂದು ಮಾತು. ಬೇರೆಯವರು ಮಾಡುವುದನ್ನು ನೋಡುತ್ತಾ ಕೂತರೆ ಕಲಿತ ಹಾಗೆ ಅನ್ನಿಸುತ್ತದೆ, ಕೈಗೆ ಮಾತ್ರ ಏನೂ ಬಂದಿರುವುದಿಲ್ಲ. 5 ನಿಮಿಷ ನೋಡಿ, ಅದನ್ನೇ 20 ನಿಮಿಷ ಮಾಡಿ.

ಹಂತ 5: ಬೇಸರದ ವಾರಗಳನ್ನು ದಾಟಿ

ಮೊದಮೊದಲು ದಿನದಿಂದ ದಿನಕ್ಕೆ ಸುಧಾರಣೆ ಕಾಣುತ್ತದೆ. ಆಮೇಲೆ ನಿಂತುಹೋದ ಹಾಗೆ ಅನ್ನಿಸುತ್ತದೆ. ನಿಜವಾಗಿ ಆಗುವುದೇನೆಂದರೆ, ಕಣ್ಣು ಮತ್ತು ಕಿವಿ ಕೈಗಿಂತ ಬೇಗ ಕಲಿಯುತ್ತವೆ. ಹೋದ ತಿಂಗಳು ಚೆನ್ನಾಗಿ ಕಂಡದ್ದರಲ್ಲಿ ಇವತ್ತು ಹತ್ತು ತಪ್ಪು ಕಾಣುತ್ತವೆ. ತಪ್ಪು ಕಾಣುವುದೂ ಕಲಿಕೆಯೇ. ಇದಕ್ಕಾಗಿಯೇ ಪ್ರತಿಯೊಂದರ ಮೇಲೂ ತಾರೀಕು ಹಾಕಿ ಇಡಿ. ಹಾಡಾದರೆ ತಿಂಗಳಿಗೊಮ್ಮೆ ಮುದ್ರಿಸಿಕೊಳ್ಳಿ. ನಿನ್ನೆಯದರ ಜೊತೆ ಹೋಲಿಸಬೇಡಿ, ಮೂರು ತಿಂಗಳ ಹಿಂದಿನದನ್ನು ತೆಗೆದು ನೋಡಿ.

ಭಾನುವಾರ ಒಂದೇ ಸಲ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಇಷ್ಟಿಷ್ಟೇ ಮಾಡುವುದು ಒಳ್ಳೆಯದು. ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡುತ್ತಾ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಒಂದೇ ದಿನ ಗುಡ್ಡೆ ಹಾಕಿದ ಅಭ್ಯಾಸಕ್ಕಿಂತ ದಿನಗಳಲ್ಲಿ ಹಂಚಿದ ಅಭ್ಯಾಸ ಹೆಚ್ಚು ನಿಲ್ಲುತ್ತದೆ. ಹಾಡ್ತಾ ಹಾಡ್ತಾ ರಾಗ ಅಂತ ನಮ್ಮ ಹಿರಿಯರು ಹೇಳಿದ್ದೂ ಅದನ್ನೇ.

ಮಾಡಿದ್ದನ್ನೆಲ್ಲ ಎಲ್ಲರಿಗೂ ತೋರಿಸುವ ಅವಸರ ಬೇಡ. ನಿಮಗಿಂತ ಸ್ವಲ್ಪ ಮುಂದಿರುವ ಒಬ್ಬರಿಗೆ ತೋರಿಸಿ. "ಹೇಗಿದೆ?" ಅಂತ ಕೇಳಬೇಡಿ. "ಈ ನೆರಳು ಯಾಕೆ ಚಪ್ಪಟೆಯಾಗಿ ಕಾಣುತ್ತಿದೆ?" ಅಂತ ಕೇಳಿ. ಆಗ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಹಂತ 6: ಮುಳುಗಿದ ಮೇಲೆ ಬೇಲಿಯೂ ಬೇಕು

ವಿಲಿಯಂ ಹರ್ಷೆಲ್ ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತಗಾರರಾಗಿದ್ದರು. ಆಕಾಶ ನೋಡುವುದು ಹವ್ಯಾಸ. ದೂರದರ್ಶಕದ ಕನ್ನಡಿಗಳನ್ನು ತಾವೇ ಉಜ್ಜಿ ನಯ ಮಾಡುತ್ತಿದ್ದರು. ನಡುವೆ ಕೈ ನಿಲ್ಲಿಸುವ ಹಾಗಿಲ್ಲವೆಂದು ತಂಗಿ ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತು ಇಡುತ್ತಿದ್ದರಂತೆ. 1781ರ ಮಾರ್ಚ್ 13ರ ರಾತ್ರಿ, ಮನೆಯಲ್ಲೇ ತಯಾರಾದ ಅಂಥ ದೂರದರ್ಶಕದಲ್ಲಿ ಹರ್ಷೆಲ್‌ಗೆ ಯುರೇನಸ್ ಗ್ರಹ ಕಂಡಿತು. ಆಮೇಲೆ ಕ್ಯಾರೊಲಿನ್ ಕೂಡ ಆಕಾಶ ನೋಡತೊಡಗಿ ಸ್ವಂತವಾಗಿ ಧೂಮಕೇತುಗಳನ್ನು ಪತ್ತೆ ಮಾಡಿದರು. ಈ ಕಥೆಯಲ್ಲಿ ನನಗೆ ಗ್ರಹದಷ್ಟೇ ಆ ತುತ್ತೂ ಮುಖ್ಯ. ಒಬ್ಬರು ಮೈಮರೆತಾಗ ಅವರ ಪಾಲಿನ ಕೆಲಸವನ್ನು ಇನ್ನೊಬ್ಬರು ಹೊರುತ್ತಿರುತ್ತಾರೆ.

ಹಾಗಾಗಿ ಮನೆಯವರ ಜೊತೆ ಮೊದಲೇ ಮಾತಾಡಿ. ನಿಮ್ಮ ಹೊತ್ತು ಯಾವುದು ಅಂತ ಹೇಳಿ, ಅಷ್ಟೇ ಹೊತ್ತು ಅವರಿಗೂ ಬಿಡುವು ಸಿಗುವ ಹಾಗೆ ಕೆಲಸ ಹಂಚಿಕೊಳ್ಳಿ. ಮಗು ಹತ್ತಿರ ಬಂದರೆ ಅದಕ್ಕೂ ಒಂದು ಪೆನ್ಸಿಲ್ ಕೊಡಿ. ಮುಗಿಸುವ ಹೊತ್ತಿಗೆ ಅಲಾರಂ ಇಡಿ. ಅದು ಹೊಡೆದಾಗ ಎಲ್ಲ ಪೂರ್ತಿ ಮಾಡಿ ಏಳಬೇಕು ಅಂತಿಲ್ಲ. ಮುಂದಿನ ಹೆಜ್ಜೆ ಗೊತ್ತಿರುವಾಗಲೇ ನಿಲ್ಲಿಸಿದರೆ ನಾಳೆ ಶುರು ಮಾಡುವುದು ಸುಲಭ.

ನಿದ್ದೆ ಕಡಿಮೆಯಾಗುತ್ತಿದೆಯೇ, ಕೆಲಸದ ಹೊತ್ತಿನಲ್ಲೂ ಇದೇ ಯೋಚನೆಯೇ, ಖರ್ಚು ಮುಚ್ಚಿಡುತ್ತಿದ್ದೀರಾ? ಹಾಗಾದರೆ ಒಂದು ವಾರ ಹೊತ್ತನ್ನು ಅರ್ಧಕ್ಕೆ ಇಳಿಸಿ. ಖರ್ಚಿಗೆ ಒಂದು ನಿಯಮ ಇಟ್ಟುಕೊಳ್ಳಿ: ಕೈಯಲ್ಲಿರುವ ಪುಸ್ತಕ ತುಂಬುವವರೆಗೆ, ಉಂಡೆ ನೂಲು ಮುಗಿಯುವವರೆಗೆ ಹೊಸದು ಬೇಡ. ಮೈಯ ಮಾತನ್ನೂ ಕೇಳಿ. ತಂತಿ ಒತ್ತಿ ಬೆರಳ ತುದಿ ಉರಿಯುವುದು ಮಾಮೂಲಿ, ಚರ್ಮ ಗಟ್ಟಿಯಾದ ಮೇಲೆ ಹೋಗುತ್ತದೆ. ಮಣಿಕಟ್ಟು ನೋಯುವುದು, ಬೆರಳು ಜೋಮು ಹಿಡಿಯುವುದು ಮಾಮೂಲಿಯಲ್ಲ. ನಿಲ್ಲಿಸಿ, ಹಿಡಿಯುವ ರೀತಿ ಬದಲಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಬೈನಾಕ್ಯುಲರ್ ಅಥವಾ ದೂರದರ್ಶಕದಿಂದ ಸೂರ್ಯನ ಕಡೆ ಎಂದೂ ನೋಡಬೇಡಿ, ಕ್ಷಣದಲ್ಲಿ ಕಣ್ಣು ಹೋಗಬಹುದು.

ಬಿಡುವುದಾದರೆ

ಕೆಲವು ಹವ್ಯಾಸಗಳು ಬದುಕಿಡೀ ಇರುತ್ತವೆ, ಕೆಲವು ಒಂದು ಋತುವಿಗೆ. ಮೂರು ತಿಂಗಳು ಮನಸ್ಸಿಟ್ಟು ಮಾಡಿಯೂ ರುಚಿ ಹತ್ತದಿದ್ದರೆ ಬಿಡಿ, ಪಟ್ಟಿಯ ಎರಡನೆಯದಕ್ಕೆ ಹೋಗಿ. ಆದರೆ ಬೇಸರದ ದಿನವೇ ಬಿಡಬೇಡಿ. ಚಿಕ್ಕದೊಂದನ್ನು ಪೂರ್ತಿ ಮಾಡಿ ಬಿಡಿ: ಒಂದು ಹಾಡು, ಒಂದು ಮಫ್ಲರ್, ಒಂದು ಚಿತ್ರ.

ಮತ್ತೆ ಬರುವ ಮನಸ್ಸಿದ್ದರೆ, ಎಲ್ಲಿಗೆ ನಿಂತಿದೆ ಅಂತ ಒಂದು ಚೀಟಿ ಬರೆದಿಡಿ. ಯಾವ ಹಾಡಿನ ಎಷ್ಟನೇ ಸಾಲು, ಹೆಣಿಗೆಯ ಎಷ್ಟನೇ ಸುತ್ತು, ಎಷ್ಟು ಮಿಲಿಮೀಟರಿನ ಕಡ್ಡಿ. ಕೀಬೋರ್ಡಿನ ಬ್ಯಾಟರಿ ತೆಗೆದಿಡಿ, ಇಲ್ಲವಾದರೆ ಸೋರಿ ಒಳಗೆಲ್ಲ ಹಾಳಾಗುತ್ತದೆ. ಕುಂಚ ತೊಳೆದು ಒಣಗಿಸಿ. ಬೈನಾಕ್ಯುಲರ್ ತೇವವಿಲ್ಲದ ಕಡೆ ಇರಲಿ, ಮಸೂರಕ್ಕೆ ಬೂಸ್ಟು ಹಿಡಿಯಬಾರದು. ಮತ್ತೆ ಬರುವ ಮನಸ್ಸಿಲ್ಲದಿದ್ದರೆ ಸಾಮಾನನ್ನು ಈಗ ಶುರು ಮಾಡುತ್ತಿರುವ ಯಾರಿಗಾದರೂ ಕೊಟ್ಟುಬಿಡಿ. ಅವರ ಮೊದಲ ಎರಡು ವಾರಕ್ಕೆ ಅದು ಸಾಕಾಗುತ್ತದೆ.